ಪೊಟ್ಟಣದ ಮೇಲಿನ ಅಕ್ಷರ

ಬೆಳಗ್ಗೆ ಎದ್ದು ನಾವು ನೋಡುವ ಮೊದಲ ಅಚ್ಚಿನ ಅಕ್ಷರ ಯಾವುದು? ದಿನಪತ್ರಿಕೆಯದು ಎಂದು ತಾವು ಹೇಳಬಹುದು. ಸ್ವಲ್ಪ ಯೋಚಿಸಿದರೆ ಅದು ಪೂರ್ತಿ ನಿಜವಲ್ಲವೆಂದು ತೋರೀತು. ಪತ್ರಿಕೆ ಕೈಗೆ ಬರುವುದಕ್ಕೆ ಮೊದಲೇ ಹಲ್ಲುಪುಡಿಯ ಡಬ್ಬಿ, ಹಾಲಿನ ಪೊಟ್ಟಣ, ಕಾಫಿಪುಡಿಯ ಚೀಲ, ಬೆಂಕಿಪೆಟ್ಟಿಗೆ ಇವೆಲ್ಲ ನಮ್ಮ ಕೈಯಲ್ಲಿ ಒಮ್ಮೆ ಆಡಿಹೋಗಿರುತ್ತವೆ. ಒಂದು ಸಾಮಾನ್ಯ ಮನೆಗೆ ವರ್ಷಕ್ಕೆ ನಾಲ್ಕು ಪುಸ್ತಕ ಬರುತ್ತವೆಯೋ ಇಲ್ಲವೋ ಹೇಳಲಾರೆ. ದಿನಕ್ಕೆ ನಾಲ್ಕು ಪೊಟ್ಟಣಗಳಂತೂ ಬಂದೇ ಬರುತ್ತವೆ. ಶಾಲೆ ಬಿಟ್ಟಮೇಲೆ ಪುಸ್ತಕವನ್ನು ಮುಟ್ಟದವರೂ ಅವನ್ನು ಓದುತ್ತಾರೆ. ಹಾಗೆ ನೋಡಿದರೆ ಪೊಟ್ಟಣದ ಮೇಲಿನ ಬರಹಕ್ಕೆ ಇರುವಷ್ಟು ಓದುಗರು ನಮ್ಮ ಯಾವ ಮಹಾಕವಿಗೂ ಇಲ್ಲ.

ನಾನು ಕನ್ನಡದ ಮೇಷ್ಟರು. ಶಾಸನಗಳ ಲಿಪಿಯನ್ನೂ ಹಳಗನ್ನಡ ಕಾವ್ಯವನ್ನೂ ಪಾಠ ಹೇಳುತ್ತ ಆಯುಷ್ಯದ ಬಹುಭಾಗವನ್ನು ಕಳೆದವನು. ಕಲ್ಲಿನ ಮೇಲೆ ಸವೆದುಹೋದ ಒಂದು ಒತ್ತಕ್ಷರಕ್ಕಾಗಿ ಇಡೀ ಮಧ್ಯಾಹ್ನವನ್ನು ಕಳೆದದ್ದುಂಟು. ಆದರೆ ಅಡುಗೆಮನೆಯ ಡಬ್ಬಿಯ ಮೇಲಿನ ಒತ್ತಕ್ಷರವನ್ನು ಕಣ್ಣಿಟ್ಟು ನೋಡಿದವನಲ್ಲ. ನೋಡುವಂತೆ ಮಾಡಿದವರು ನನ್ನ ಹಳೆಯ ವಿದ್ಯಾರ್ಥಿನಿಯೊಬ್ಬರು. ಅವರು ತಮ್ಮ ಊರಿನ ಏಳೆಂಟು ಮಂದಿ ಹೆಂಗಸರನ್ನು ಕೂಡಿಸಿಕೊಂಡು ಹಪ್ಪಳ, ಚಟ್ನಿಪುಡಿ ಮಾಡಿ ಮಾರುತ್ತಾರೆ. ಒಂದು ದಿನ ಹೊಸ ಪೊಟ್ಟಣದ ಮಾದರಿಯನ್ನು ತಂದು ಮೇಜಿನ ಮೇಲಿಟ್ಟು, “ಸರ್, ಕನ್ನಡದಲ್ಲಿ ಕಾಗುಣಿತದ ತಪ್ಪೇನಾದರೂ ಇದೆಯೇ ನೋಡಿ ಹೇಳಬೇಕು” ಎಂದರು.

ಕಾಗುಣಿತದ ತಪ್ಪು ಇರಲಿಲ್ಲ. ಆದರೂ ತಪ್ಪಾಗಿತ್ತು. ಪೊಟ್ಟಣದ ಮಧ್ಯದಲ್ಲಿ ಹಸಿರು ಪಟ್ಟಿ; ಅದರ ಮೇಲೆ ಇಂಗ್ಲಿಷಿನ ದೊಡ್ಡಕ್ಷರಗಳಲ್ಲಿ ಹೆಸರು, ದಷ್ಟಪುಷ್ಟವಾಗಿ, ಗಾಳಿ ಬೆಳಕುಗಳೊಡನೆ ನಿಂತಿತ್ತು. ಅದರಡಿಯಲ್ಲಿ ಉಳಿದ ಕಿರಿದಾದ ಜಾಗದಲ್ಲಿ ಕನ್ನಡದ ಹೆಸರನ್ನು ಎರಡು ಕಡೆಯಿಂದ ಹಿಂಡಿ ತುರುಕಿದ್ದರು. ಪಟ್ಟಿಯ ಅಂಚು ಅಕ್ಷರದ ಪಾದವನ್ನು ಕತ್ತರಿಸಿತ್ತು. ‘ಹಪ್ಪಳ’ವು ‘ಹಪಳ’ವಾಗಿತ್ತು, ‘ಚಟ್ನಿ’ಯು ‘ಚಟಿ’ಯಾಗಿತ್ತು. ವಿನ್ಯಾಸ ಮಾಡಿದ ತರುಣರು ನಗರದವರು, ಕೈಕೆಲಸ ಬಲ್ಲವರು. ಅವರು ಮೊದಲು ಇಂಗ್ಲಿಷಿನಲ್ಲಿ ಎಲ್ಲವನ್ನೂ ಮುಗಿಸಿ, ಕೊನೆಗೆ ಕನ್ನಡವನ್ನು ‘ಸೇರಿಸಿದ್ದರು’. ಈ ‘ಸೇರಿಸುವುದು’ ಎಂಬ ಮಾತಿನಲ್ಲೇ ನಾನು ಇಂದು ಹೇಳಬೇಕೆಂದಿರುವ ಸಂಗತಿಯೆಲ್ಲ ಅಡಗಿದೆ. ಊಟ ಮುಗಿದಮೇಲೆ ಬಂದ ನೆಂಟನಿಗೆ ಪಾತ್ರೆಯ ತಳವನ್ನು ಕೆರೆದು ಬಡಿಸುವಂತೆ, ಪೊಟ್ಟಣದ ಮೇಲೆ ಕನ್ನಡಕ್ಕೆ ಉಳಿದ ಜಾಗ ಸಿಗುತ್ತದೆ. ಉಳಿದ ಮೊಳೆ ಸಿಗುತ್ತದೆ.

ಆ ಮಾದರಿಯನ್ನು ಹಿಡಿದು ಕುಳಿತಾಗ ನನಗೆ ನೆನಪಾದದ್ದು ನನ್ನ ತಾಯಿ. ಅವರು ನಾಲ್ಕನೆಯ ತರಗತಿಯವರೆಗೆ ಮಾತ್ರ ಓದಿದವರು. ಆದರೆ ಶ್ರಾವಣ ಬಂತೆಂದರೆ ಜೈಮಿನಿ ಭಾರತವನ್ನು ರಾಗವಾಗಿ ಓದುತ್ತಿದ್ದರು. ಕೇಳಲು ಅಕ್ಕಪಕ್ಕದ ಮನೆಯವರು ಬರುತ್ತಿದ್ದರು. ಸುಮಾರು ಇಪ್ಪತ್ತು ವರ್ಷಗಳ ಹಿಂದಿನ ಮಾತು. ಅವರ ಮಂಚದ ಬಳಿ ಎರಡು ಸೀಸೆಗಳಿದ್ದವು. ಒಂದು ಕೆಮ್ಮಿನ ಔಷಧ, ಇನ್ನೊಂದು ಮಂಡಿನೋವಿಗೆ ಹಚ್ಚುವ ತೈಲ. ಎರಡನ್ನೂ ತಯಾರಿಸಿದವರು ಒಬ್ಬರೇ. ಅವರ ಹೆಸರು ಇಲ್ಲಿ ಬೇಡ. ಸೀಸೆಯ ಗಾತ್ರ ಒಂದೇ, ಚೀಟಿಯ ಬಣ್ಣ ಒಂದೇ, ಇಂಗ್ಲಿಷಿನ ದೊಡ್ಡ ಹೆಸರಿನ ಅಕ್ಷರದ ರೂಪವೂ ಒಂದೇ. ತೈಲದ ಸೀಸೆಯ ಮೇಲೆ ‘ಮೈಗೆ ಹಚ್ಚಲು ಮಾತ್ರ’ ಎಂದು ಕನ್ನಡದಲ್ಲಿ ಇದ್ದದ್ದು ನಿಜ. ಕಡುಗೆಂಪಿನ ಮೇಲೆ ಕಪ್ಪು ಶಾಯಿಯಲ್ಲಿ, ಸಾಸಿವೆಗಿಂತ ಸಣ್ಣ ಅಕ್ಷರಗಳಲ್ಲಿ, ಹೊಟ್ಟೆಗಳೆಲ್ಲ ಶಾಯಿ ತುಂಬಿ ಮುಚ್ಚಿಹೋಗಿ ಇತ್ತು. ಒಂದು ರಾತ್ರಿ ಕೆಮ್ಮು ಬಂದು ಎದ್ದವರು ಎರಡು ಚಮಚ ತೈಲವನ್ನು ಕುಡಿದುಬಿಟ್ಟರು. ಗಂಟಲುರಿ, ವಾಂತಿ, ನಡುರಾತ್ರಿಯಲ್ಲಿ ಆಸ್ಪತ್ರೆ. ದೇವರು ದೊಡ್ಡವನು, ಮೂರು ದಿನಗಳಲ್ಲಿ ಮನೆಗೆ ಬಂದರು.

ನಾನು ಮಾಡಿದ ತಪ್ಪು ಆಮೇಲಿನದು. “ನೋಡಿ ಕುಡಿಯಬಾರದೇನಮ್ಮ? ಕನ್ನಡದಲ್ಲೇ ಬರೆದಿದೆಯಲ್ಲ” ಎಂದೆ. ಅವರು ಉತ್ತರ ಕೊಡಲಿಲ್ಲ. ಆದರೆ ಅಂದಿನಿಂದ ಯಾವ ಸೀಸೆಯನ್ನೂ ತಾವೇ ಓದಿ ತೆಗೆದುಕೊಳ್ಳಲಿಲ್ಲ. ಮೊಮ್ಮಕ್ಕಳನ್ನು ಕರೆದು, “ಇದೇನಂತ ಓದಿ ಹೇಳು, ನನಗೆ ಓದು ಮರೆತುಹೋಗಿದೆ” ಎನ್ನುತ್ತಿದ್ದರು. ಜೈಮಿನಿಯನ್ನು ಓದಬಲ್ಲವರಿಗೆ ಓದು ಮರೆತಿರಲಿಲ್ಲ. ಓದಲು ಬಾರದಂತೆ ಬರೆದವನ ತಪ್ಪನ್ನು ಓದುವವರು ತಮ್ಮ ಮೇಲೆ ಹಾಕಿಕೊಂಡಿದ್ದರು. ಮಗನಾದ ನಾನು ಅದಕ್ಕೆ ಸಾಕ್ಷಿ ಹೇಳಿದ್ದೆ. ಅಕ್ಷರದ ಆಯ್ಕೆಯೆಂಬುದು ಬರಿಯ ಅಲಂಕಾರದ ಪ್ರಶ್ನೆಯೆಂದು ಯಾರಾದರೂ ಹೇಳಿದರೆ ನನಗೆ ಈ ಪ್ರಸಂಗ ನೆನಪಾಗುತ್ತದೆ.

ಇನ್ನು ವಿಷಯಕ್ಕೆ ಬರೋಣ. ಅಚ್ಚಿನ ಅಕ್ಷರದ ಒಂದು ರೂಪಕ್ಕೆ ಹಿಂದೆ ಮೊಳೆ ಎನ್ನುತ್ತಿದ್ದೆವು. ಈಗ ಫಾಂಟ್ ಎನ್ನುತ್ತಾರೆ. ಪೊಟ್ಟಣದ ಮೇಲೆ ಒಂದೇ ಫಾಂಟ್ ಸಾಲುವುದು ಅಪರೂಪ. ಹೆಸರಿಗೊಂದು, ವಿವರಕ್ಕೊಂದು, ಜೊತೆಗೆ ಇಂಗ್ಲಿಷಿನದೊಂದು. ಇವುಗಳನ್ನು ಹೇಗೆ ಆರಿಸಬೇಕು, ಹೇಗೆ ಜೋಡಿಸಬೇಕು?

ಜೋಡಣೆಯ ತತ್ತ್ವವನ್ನು ನಮ್ಮ ಗಮಕ ಕಲೆಯಿಂದಲೇ ಕಲಿಯಬಹುದು. ಗಮಕದಲ್ಲಿ ಇಬ್ಬರಿರುತ್ತಾರೆ. ಒಬ್ಬರು ಕಾವ್ಯವನ್ನು ವಾಚನ ಮಾಡುತ್ತಾರೆ, ಇನ್ನೊಬ್ಬರು ವ್ಯಾಖ್ಯಾನ ಮಾಡುತ್ತಾರೆ. ವಾಚನಕಾರರು ರಾಗವನ್ನು ಎಳೆಯಬಹುದು, ಬಳುಕಿಸಬಹುದು. ವ್ಯಾಖ್ಯಾನಕಾರರು ಎಳೆಯಬಾರದು, ಅವರ ಮಾತು ಸ್ಪಷ್ಟವಾಗಿರಬೇಕು, ಕಡೆಯ ಸಾಲಿನವರಿಗೂ ಮುಟ್ಟಬೇಕು. ಇಬ್ಬರೂ ಹಾಡಿದರೆ ಅರ್ಥ ಕೆಡುತ್ತದೆ, ಇಬ್ಬರೂ ಬರಿದೆ ಮಾತಾಡಿದರೆ ರಸ ಕೆಡುತ್ತದೆ. ಪೊಟ್ಟಣದ ಮೇಲೆ ಹೆಸರು ವಾಚನ. ಅದಕ್ಕೆ ಸ್ವಂತ ಮುಖವಿರುವ ಅಕ್ಷರ ಇರಲಿ, ದೂರದಿಂದಲೇ ಕರೆಯಲಿ. ತೂಕ, ಬೆಲೆ, ದಿನಾಂಕ, ಸೇರಿರುವ ಪದಾರ್ಥಗಳು, ಎಚ್ಚರಿಕೆ ಇವು ವ್ಯಾಖ್ಯಾನ. ಇಲ್ಲಿ ಅಕ್ಷರ ತನ್ನನ್ನು ತಾನು ಮರೆಸಿಕೊಂಡು ವಿಷಯವನ್ನು ಮಾತ್ರ ತೋರಿಸಬೇಕು. ಎರಡು ಕಂಠಗಳು ಸಾಕು. ಮೂರನೆಯದು ಬಂದರೆ ಸಂತೆಯಾಗುತ್ತದೆ.

ಆದರೆ ನಮ್ಮ ಪೊಟ್ಟಣಗಳಲ್ಲಿ ತೊಡಕು ಇನ್ನೂ ಒಂದು ಹೆಜ್ಜೆ ಮುಂದಿದೆ. ಇಲ್ಲಿ ಎರಡು ಕಂಠಗಳಷ್ಟೇ ಅಲ್ಲ, ಎರಡು ಲಿಪಿಗಳಿವೆ. ಸ್ವಿಟ್ಜರ್ಲೆಂಡಿನ ಪೊಟ್ಟಣಗಳ ಮೇಲೆ ಜರ್ಮನ್, ಫ್ರೆಂಚ್, ಇಟಾಲಿಯನ್ ಮೂರೂ ಇರುತ್ತವೆ. ಕೆನಡಾದಲ್ಲಿ ಇಂಗ್ಲಿಷೂ ಫ್ರೆಂಚೂ ಇರುತ್ತವೆ. ಆದರೆ ಅವೆಲ್ಲ ಒಂದೇ ರೋಮನ್ ಲಿಪಿಯ ಭಾಷೆಗಳು. ಒಂದೇ ಮೊಳೆಯಲ್ಲಿ ಎಲ್ಲವನ್ನೂ ಜೋಡಿಸಬಹುದು. 1957ರಲ್ಲಿ ಅದೇ ಸ್ವಿಟ್ಜರ್ಲೆಂಡಿನಲ್ಲಿ ಮ್ಯಾಕ್ಸ್ ಮೀಡಿಂಗರ್ ರೂಪಿಸಿದ, ಮುಂದೆ ಹೆಲ್ವೆಟಿಕಾ ಎಂದು ಹೆಸರಾದ ಅಕ್ಷರ ಲೋಕವನ್ನೆಲ್ಲ ವ್ಯಾಪಿಸಿತು. ಅದರ ಪಕ್ಕದಲ್ಲಿ ಕನ್ನಡವನ್ನು ಕೂಡಿಸುವ ಪ್ರಶ್ನೆ ಮಾತ್ರ ನಮ್ಮದೇ. ಅದಕ್ಕೆ ಉತ್ತರವನ್ನು ಹೊರಗಿನವರು ತಂದುಕೊಡಲಾರರು.

ನಮ್ಮ ವ್ಯಾಕರಣದಲ್ಲಿ ಅರಿಸಮಾಸ ಎಂಬ ಒಂದು ಮಾತಿದೆ. ಸಂಸ್ಕೃತ ಶಬ್ದಕ್ಕೂ ಕನ್ನಡ ಶಬ್ದಕ್ಕೂ ಹೊಂದಿಕೆಯನ್ನು ನೋಡದೆ ಸಮಾಸ ಮಾಡಿದರೆ ಅದು ಶತ್ರುಗಳ ಕೂಟದಂತೆ ಆಗುತ್ತದೆ ಎಂಬುದು ಅದರ ಭಾವ. ಹನ್ನೆರಡನೆಯ ಶತಮಾನದ ನಯಸೇನನು ಎರಡು ಭಾಷೆಗಳ ಇಂಥ ಬೆರಕೆಯನ್ನು ತುಪ್ಪಕ್ಕೆ ಎಣ್ಣೆ ಬೆರೆಸುವುದಕ್ಕೆ ಹೋಲಿಸಿ ಪರಿಹಾಸ ಮಾಡಿದನು. ಕೇಶಿರಾಜನು ಶಬ್ದಮಣಿದರ್ಪಣದಲ್ಲಿ ಅರಿಸಮಾಸವನ್ನು ದೋಷವೆಂದನಾದರೂ, ಬಿರುದಾವಳಿ ಮುಂತಾದ ಕಡೆ ರೂಢಿಗೆ ಎಡೆಕೊಟ್ಟನು. ಅವನ ವಿವೇಕ ದೊಡ್ಡದು: ಬೆರಕೆಯೇ ಪಾಪವಲ್ಲ, ಹೊಂದಿಕೆಯಿಲ್ಲದ ಬೆರಕೆ ದೋಷ. ಕನ್ನಡದ ದುಂಡನೆಯ ಅಕ್ಷರದ ಪಕ್ಕದಲ್ಲಿ ಬೊಡೋನಿಯಂಥ ಇಂಗ್ಲಿಷ್ ಅಕ್ಷರವನ್ನು ಇಟ್ಟು ನೋಡಿ. ಅದರ ಸೊಗಸೆಲ್ಲ ಇರುವುದು ದಪ್ಪನಾದ ನೆಟ್ಟಗೆರೆ, ಕೂದಲಿನಷ್ಟು ತೆಳುವಾದ ಅಡ್ಡಗೆರೆಗಳ ವೈಷಮ್ಯದಲ್ಲಿ. ನೆಟ್ಟಗೆರೆಯೇ ವಿರಳವಾದ ನಮ್ಮ ಲಿಪಿಗೆ ಆ ಸೊಗಸು ಕುಳಿತುಕೊಳ್ಳಲು ಜಾಗವಿಲ್ಲ. ಅದೇ, ಗೆರೆಯ ದಪ್ಪ ಒಂದೇ ಸಮನಾಗಿದ್ದು ಮೂಲೆಗಳು ದುಂಡಾಗಿರುವ ಇಂಗ್ಲಿಷ್ ಅಕ್ಷರ ಬಂದರೆ ಇಬ್ಬರೂ ಒಂದೇ ಮನೆಯವರಂತೆ ಕಾಣುತ್ತಾರೆ.

ಎರಡು ಲಿಪಿಗಳನ್ನು ಒಂದೇ ಸಾಲಿನಲ್ಲಿ ಗೌರವದಿಂದ ಕೂಡಿಸಿದ ನಿದರ್ಶನ ನಮ್ಮಲ್ಲಿ ಇಲ್ಲದೆ ಇಲ್ಲ. 1894ರಲ್ಲಿ ಮಂಗಳೂರಿನ ಬಾಸೆಲ್ ಮಿಷನ್ನಿನವರು ಅಚ್ಚುಮಾಡಿದ ಕಿಟ್ಟೆಲ್ಲರ ಕನ್ನಡ-ಇಂಗ್ಲಿಷ್ ನಿಘಂಟನ್ನು ತೆಗೆದು ನೋಡಿ. ಕನ್ನಡದ ಶಬ್ದ ಮುಂದೆ, ಅದರ ಉಚ್ಚಾರ ರೋಮನ್ ಅಕ್ಷರದಲ್ಲಿ ಅದರ ಪಕ್ಕದಲ್ಲಿ, ಆಮೇಲೆ ಇಂಗ್ಲಿಷಿನಲ್ಲಿ ಅರ್ಥ. ಒಂದೊಂದು ಸೀಸದ ಮೊಳೆಯನ್ನೂ ಕೈಯಿಂದ ಜೋಡಿಸಬೇಕಾಗಿದ್ದ ಕಾಲ ಅದು. ಆದರೂ ಯಾವ ಲಿಪಿ ಮನೆಯೊಡೆಯ, ಯಾವುದು ಅತಿಥಿ ಎಂಬ ಬಗ್ಗೆ ಆ ಪುಟಗಳಲ್ಲಿ ಸಂದೇಹವಿಲ್ಲ.

ಲಿಪಿಯ ಅಂಗರಚನೆಯನ್ನು ತಿಳಿದರೆ ಉಳಿದದ್ದೆಲ್ಲ ತಾನಾಗಿ ಹೊಳೆಯುತ್ತದೆ. ಇಂಗ್ಲಿಷಿನ ದೊಡ್ಡಕ್ಷರ ಒಂದಂತಸ್ತಿನ ಮನೆ. ಕನ್ನಡದ ಅಕ್ಷರ ಮೂರಂತಸ್ತಿನದು: ಮೇಲೆ ತಲೆಕಟ್ಟು, ಗುಡಿಸು, ಏತ್ವಗಳು; ನಡುವೆ ಅಕ್ಷರದ ಒಡಲು; ಕೆಳಗೆ ಒತ್ತಕ್ಷರ. ಒಂದಂತಸ್ತಿಗಾಗಿ ಅಳೆದ ಪಟ್ಟಿಯಲ್ಲಿ ಮೂರಂತಸ್ತನ್ನು ನಿಲ್ಲಿಸಬೇಕಾದರೆ ಒಂದೋ ಮನೆಯನ್ನೇ ಕುಗ್ಗಿಸಬೇಕು, ಇಲ್ಲವೇ ನೆಲಮನೆಯನ್ನು ಕಡಿಯಬೇಕು. ಆದ್ದರಿಂದ ಎರಡಕ್ಕೂ ಒಂದೇ ಅಂಕೆಯ ಅಳತೆಯನ್ನು ಕೊಟ್ಟು ಸಮಾನತೆ ಸಾಧಿಸಿದೆವೆಂದು ತಿಳಿಯಬಾರದು. ಒಡಲಿಗೆ ಒಡಲನ್ನು ಹೋಲಿಸಬೇಕು. ಕನ್ನಡದ ‘ರ’ ಮತ್ತು ಇಂಗ್ಲಿಷಿನ ಸಣ್ಣಕ್ಷರ ಕಣ್ಣಿಗೆ ಸಮನಾಗಿ ಕಾಣುವವರೆಗೆ ತಿದ್ದಬೇಕು. ಇಂಗ್ಲಿಷನ್ನು ದೊಡ್ಡಕ್ಷರಗಳ ಗೋಡೆಯಾಗಿ ಕಟ್ಟದೆ, ಮೊದಲಕ್ಷರ ದೊಡ್ಡದು ಉಳಿದವು ಸಣ್ಣವು ಎಂಬಂತೆ ಬರೆದರೆ ಇನ್ನೂ ಮೇಲು. ಆಗ ಅದಕ್ಕೂ ಮೇಲಕ್ಕೆ ಏರುವ, ಕೆಳಕ್ಕೆ ಇಳಿಯುವ ಕೈಕಾಲುಗಳು ಬಂದು ನಮ್ಮ ಒತ್ತಕ್ಷರಕ್ಕೆ ಜೊತೆ ಸಿಗುತ್ತದೆ.

ಈ ಒತ್ತಕ್ಷರದ ಮಾತನ್ನು ಸ್ವಲ್ಪ ಬೆಳೆಸುತ್ತೇನೆ, ಕ್ಷಮಿಸಬೇಕು. ಅಡುಗೆಮನೆಯ ಕನ್ನಡವನ್ನು ಒಮ್ಮೆ ನೆನೆದುಕೊಳ್ಳಿ: ಅಕ್ಕಿ, ಬೆಲ್ಲ, ಉಪ್ಪು, ತುಪ್ಪ, ಎಣ್ಣೆ, ಬೆಣ್ಣೆ, ಹಿಟ್ಟು, ಮಜ್ಜಿಗೆ, ಕೊತ್ತಂಬರಿ. ಎಲ್ಲವೂ ಸಜಾತೀಯ ದ್ವಿತ್ವ! ನಮ್ಮ ನುಡಿಯ ಪ್ರಾಣವೇ ಆ ಒತ್ತಿನಲ್ಲಿದೆ. ಒತ್ತು ಕಳೆದರೆ ‘ಕತ್ತೆ’ ‘ಕತೆ’ಯಾಗುತ್ತದೆಂದು ತರಗತಿಯಲ್ಲಿ ಹೇಳಿ ಮಕ್ಕಳನ್ನು ನಗಿಸುತ್ತಿದ್ದೆ. ಪೊಟ್ಟಣದಲ್ಲಿ ಅದು ನಗೆಯ ಮಾತಾಗಿ ಉಳಿಯುವುದಿಲ್ಲ. ಆದುದರಿಂದ ತಿಂಡಿತಿನಿಸಿನ ಪೊಟ್ಟಣಕ್ಕೆ ಫಾಂಟ್ ಆರಿಸುವವರು ‘ಅ ಆ ಇ ಈ’ ಬರೆದು ನೋಡಿ ಮೆಚ್ಚಬಾರದು. ‘ಎಣ್ಣೆ’ ಎಂದು ಬರೆದು ನೋಡಬೇಕು. ಅಲ್ಲಿ ಮೇಲೆಯೂ ಸುರುಳಿ, ಕೆಳಗೆಯೂ ಸುರುಳಿ. ಆ ಎರಡು ‘ಣ’ಗಳ ಸುರುಳಿಗಳು ಸಣ್ಣ ಗಾತ್ರದಲ್ಲೂ ಬಿಚ್ಚಿ ಕಂಡರೆ ಆ ಫಾಂಟನ್ನು ನಂಬಬಹುದು.

ದಪ್ಪದ ವಿಷಯವೂ ಹೀಗೆಯೇ. ಎದ್ದುಕಾಣಲೆಂದು ಅಕ್ಷರವನ್ನು ದಪ್ಪ ಮಾಡುತ್ತಾರೆ. ಇಂಗ್ಲಿಷಿನಲ್ಲಿ ಅದು ಒಂದು ಮಟ್ಟದವರೆಗೆ ನಡೆಯುತ್ತದೆ. ಕನ್ನಡದಲ್ಲಿ ‘ಪ’ಕ್ಕೂ ‘ಷ’ಕ್ಕೂ, ‘ದ’ಕ್ಕೂ ‘ಧ’ಕ್ಕೂ, ‘ಬ’ಕ್ಕೂ ‘ಭ’ಕ್ಕೂ ಇರುವ ಭೇದ ಒಂದು ಸಣ್ಣ ಗೀಟು ಅಥವಾ ಸೀಳು. ದಪ್ಪ ಹೆಚ್ಚಿದಂತೆ ಆ ಭೇದ ಮುಳುಗುತ್ತದೆ. ಪ್ಲಾಸ್ಟಿಕ್ ಹಾಳೆಯ ಮೇಲೆ ಶಾಯಿ ಕೊಂಚ ಹರಡುವುದರಿಂದ ಉಳಿದ ಸಂದೂ ಮುಚ್ಚುತ್ತದೆ. ಆದ್ದರಿಂದ ಸಣ್ಣ ಬರಹಕ್ಕೆ ದಪ್ಪಕ್ಕಿಂತ ಗಾತ್ರವನ್ನು ಹೆಚ್ಚಿಸುವುದು ಕ್ಷೇಮ.

ಎಲ್ಲಕ್ಕಿಂತ ಕ್ರೂರವಾದದ್ದು ಹಿಂಡುವುದು, ಎಳೆಯುವುದು. ಗಣಕಯಂತ್ರದಲ್ಲಿ ಅಕ್ಷರವನ್ನು ರಬ್ಬರಿನಂತೆ ಅಡ್ಡಡ್ಡ ಕುಗ್ಗಿಸಿದರೆ ನೆಟ್ಟಗಿನ ಭಾಗಗಳು ಸೊರಗುತ್ತವೆ, ಅಡ್ಡಭಾಗಗಳು ಹಾಗೆಯೇ ಉಳಿಯುತ್ತವೆ. ರೋಗಿಯ ಮುಖದಂತೆ ಕಾಣುತ್ತದೆ. ಅಕ್ಷರಗಳ ನಡುವೆ ತೆರಪು ಬಿಟ್ಟು ಅಗಲಿಸುವುದೂ ನಮಗೆ ಒಗ್ಗದು. ಇಂಗ್ಲಿಷಿನ ದೊಡ್ಡಕ್ಷರಗಳು ದೂರ ದೂರ ನಿಂತರೂ ಗಂಭೀರವಾಗಿ ಕಾಣುತ್ತವೆ. ಕನ್ನಡದಲ್ಲಾದರೋ ದೀರ್ಘದ ಕೊಂಡಿಯೂ ಅರ್ಕಾವತ್ತೂ ತಮ್ಮ ಅಕ್ಷರವನ್ನು ಬಿಟ್ಟು ಬೀದಿಯಲ್ಲಿ ನಿಂತಂತಾಗುತ್ತದೆ. ಜಾಗ ಕಿರಿದಾದರೆ ಮೊದಲಿನಿಂದಲೇ ಕಿರಿದಾಗಿ ಬರೆದ ಅಕ್ಷರವನ್ನು ತರಬೇಕು. ಹಿಂದೆ ಅಂಥ ಆಯ್ಕೆ ನಮಗೆ ಇರಲಿಲ್ಲ. ಅಚ್ಚುಕೂಟದ ಪೆಟ್ಟಿಗೆಯಲ್ಲಿ ಇದ್ದ ಕೆಲವೇ ಮೊಳೆಗಳಲ್ಲಿ ಕೆಲಸ ಸಾಗಬೇಕಾಗಿತ್ತು. ಇಲ್ಲವಾದರೆ ಚಿತ್ರಕಾರನೇ ಕುಂಚ ಹಿಡಿದು ಹೆಸರನ್ನು ಬರೆದು ಬ್ಲಾಕ್ ಮಾಡಿಸಬೇಕಾಗಿತ್ತು. ಬೀಡಿಯ ಕಟ್ಟಿನ ಮೇಲೆ, ಊದುಬತ್ತಿಯ ಪೆಟ್ಟಿಗೆಯ ಮೇಲೆ ಅಂಥ ಕೈಬರಹದ ಬನಿಯನ್ನು ಹಿರಿಯರು ಕಂಡಿದ್ದೀರಿ. ಇಂದು ಉಚಿತವಾಗಿಯೇ ದೊರೆಯುವ ಕನ್ನಡ ಫಾಂಟುಗಳು ಹಲವು ಇವೆ. ‘ಬಾಲೂ ತಮ್ಮ’ ಎಂಬುದು ಮೈತುಂಬಿಕೊಂಡ, ನಗುಮುಖದ ಅಕ್ಷರ, ಹೆಸರಿಗೆ ಹೇಳಿಸಿದಂಥದು. ‘ಅನೇಕ್ ಕನ್ನಡ’ದಲ್ಲಿ ಕಿರಿದು, ಅಗಲ, ತೆಳು, ದಪ್ಪ ಎಲ್ಲ ಪ್ರಮಾಣಗಳನ್ನೂ ಬೇರೆ ಬೇರೆಯಾಗಿ ಬರೆದೇ ಕೊಟ್ಟಿದ್ದಾರೆ. ‘ಟೀರೊ ಕನ್ನಡ’ದಲ್ಲಿ ಹಳೆಯ ಪುಸ್ತಕದ ಸಂಪ್ರದಾಯದ ನೆನಪಿದೆ, ‘ನೋಟೊ’ ವಿವರ ಹೇಳಲು ತಕ್ಕದ್ದು. ಇವುಗಳಲ್ಲಿ ಇಂಗ್ಲಿಷಿನ ಅಕ್ಷರಗಳೂ ಕನ್ನಡದ ಜೊತೆಗೇ ಹೊಂದಿಕೊಂಡು ಸಿಗುವುದರಿಂದ ಅರಿಸಮಾಸದ ಭಯ ಅರ್ಧ ಕಳೆಯುತ್ತದೆ. ಹೀಗಿರುವಾಗ ಇನ್ನೂ ಹಿಂಡುವುದಕ್ಕೆ ಬಡತನದ ನೆಪವಿಲ್ಲ.

ಕಾನೂನು ಏನು ಹೇಳುತ್ತದೆ? ಪೊಟ್ಟಣದ ಸರಕುಗಳ ಬಗ್ಗೆ 2011ರಲ್ಲಿ ಕೇಂದ್ರ ಸರ್ಕಾರ ಮಾಡಿದ ನಿಯಮಗಳಂತೆ ತೂಕ ಬೆಲೆ ಮೊದಲಾದ ವಿವರಗಳು ದೇವನಾಗರಿಯ ಹಿಂದಿಯಲ್ಲಾಗಲಿ ಇಂಗ್ಲಿಷಿನಲ್ಲಾಗಲಿ ಇರಬೇಕು. ಬೇರೆ ಭಾಷೆಯನ್ನು ಅದರ ಜೊತೆಗೆ ಸೇರಿಸಲು ಅಡ್ಡಿಯಿಲ್ಲ. ನೋಡಿ, ಇಲ್ಲಿಯೂ ‘ಸೇರಿಸುವುದು’! ಅಕ್ಷರದ ಎತ್ತರ 1 ಮಿಲಿಮೀಟರಿಗೆ ಕಡಿಮೆ ಇರಬಾರದೆಂದೂ, ಅಗಲ ಎತ್ತರದ ಮೂರನೆಯ ಒಂದು ಭಾಗಕ್ಕೆ ಕಡಿಮೆ ಇರಬಾರದೆಂದೂ ಅದರಲ್ಲಿದೆ. ಅಗಲದ ನಿಯಮಕ್ಕೆ ಹೇಳಿರುವ ವಿನಾಯಿತಿ ‘1’ ಎಂಬ ಅಂಕೆ ಮತ್ತು ಇಂಗ್ಲಿಷಿನ ಐ, ಎಲ್ ಎಂಬ ಅಕ್ಷರಗಳಿಗೆ. ನಿಯಮ ಬರೆದವರ ಕಣ್ಣ ಮುಂದೆ ಯಾವ ಲಿಪಿ ಇತ್ತೆಂಬುದು ಇದರಿಂದಲೇ ತಿಳಿಯುತ್ತದೆ. 1 ಮಿಲಿಮೀಟರಿನ ಅಕ್ಷರದಲ್ಲಿ ಒತ್ತಿನ ಪಾಲಿಗೆ ಉಳಿಯುವುದೆಷ್ಟು? ಇದಕ್ಕಿಂತ ಕೀಟನಾಶಕಗಳ 1971ರ ನಿಯಮದಲ್ಲಿ ಹೆಚ್ಚು ಅನುಕಂಪವಿದೆ. ವಿಷದ ತೀವ್ರತೆಗೆ ತಕ್ಕಂತೆ ಕೆಂಪು, ಹಳದಿ, ನೀಲಿ, ಹಸಿರು ಎಂದು ಬಣ್ಣವನ್ನೇ ಗೊತ್ತುಮಾಡಿ, ಓದಲಾರದವನನ್ನೂ ಅಲ್ಲಿ ನೆನೆದಿದ್ದಾರೆ.

2025ರ ಫೆಬ್ರವರಿಯಲ್ಲಿ ನಮ್ಮ ರಾಜ್ಯ ಸರ್ಕಾರವು ಇಲ್ಲಿ ತಯಾರಾಗುವ ವಸ್ತುಗಳ ಮೇಲೆ ಹೆಸರು ಕನ್ನಡದಲ್ಲಿಯೂ ಇರಬೇಕೆಂದು ಆಜ್ಞೆ ಹೊರಡಿಸಿತು. ಕನ್ನಡಿಗರೆಲ್ಲ ಸಂತೋಷಪಡತಕ್ಕ ಮಾತು. ಆದರೆ ಆಜ್ಞೆಯಿಂದ ಜಾಗ ಸಿಕ್ಕೀತೇ ಹೊರತು ಓದುವಂಥ ಅಕ್ಷರ ಸಿಗುತ್ತದೆಂಬ ಭರವಸೆಯಿಲ್ಲ. ನನ್ನ ತಾಯಿಯ ಸೀಸೆಯ ಮೇಲೆಯೂ ಕನ್ನಡ ಇತ್ತಲ್ಲ! ತಪಾಸಣೆಯ ಅಧಿಕಾರಿಗೆ ತೋರಿಸಲೆಂದು ಹಾಕಿದ ಕನ್ನಡ ಬೇರೆ. ಕೊಳ್ಳುವವರಿಗೆ ಹೇಳಲೆಂದು ಹಾಕಿದ ಕನ್ನಡ ಬೇರೆ. ನಮ್ಮ ಹಳೆಯ ಶಾಸನಗಳಲ್ಲಿ ಹಲವೆಡೆ ಬರೆದವನ ಹೆಸರು, ಕಲ್ಲಿನಲ್ಲಿ ಕಂಡರಿಸಿದವನ ಹೆಸರು ಕೊನೆಯಲ್ಲಿ ಇರುತ್ತದೆ. ಪೊಟ್ಟಣದ ಮೇಲೆ ಅಕ್ಷರವನ್ನಿಟ್ಟವನ ಹೆಸರು ಇರುವುದಿಲ್ಲ. ಇರಬೇಕೆಂದು ನಾನು ಹೇಳುವುದಿಲ್ಲ. ಇದ್ದರೆ ಹೇಗೋ ಹಾಗೆ ಆತ ಕೆಲಸ ಮಾಡಲಿ ಎಂದಷ್ಟೇ ಕೇಳುತ್ತೇನೆ.

ಆ ಹಪ್ಪಳದ ಪೊಟ್ಟಣದ ಗತಿ ಏನಾಯಿತೆಂದು ಹೇಳಿ ಮುಗಿಸುತ್ತೇನೆ. ವಿನ್ಯಾಸ ಮಾಡಿದ ತರುಣರನ್ನೇ ಕರೆಸಿಕೊಂಡು ನಾವು ಮೂವರೂ ಎರಡು ಸಂಜೆ ಕೂತೆವು. ಈ ಸಲ ಕನ್ನಡದ ಹೆಸರನ್ನು ಮೊದಲು ಬರೆದು, ಅದರ ಪಾದಕ್ಕೆ ಬೇಕಾದಷ್ಟು ಪಟ್ಟಿಯನ್ನು ಅಗಲಿಸಿ, ಇಂಗ್ಲಿಷನ್ನು ಅದಕ್ಕೆ ಹೊಂದಿಸಿದೆವು. ಮೊದಲ ಅಚ್ಚು ಸೋತಿತು: ನಾನೇ ಹಟಹಿಡಿದು ದಪ್ಪ ಮಾಡಿಸಿದ್ದ ವಿವರದಲ್ಲಿ ‘ಎಣ್ಣೆ’ಯ ಸುರುಳಿಗಳು ಮುಚ್ಚಿಹೋಗಿದ್ದವು. ಆ ತರುಣರೇ ಒಂದು ಮಟ್ಟ ತೆಳುಮಾಡಿ ಗಾತ್ರವನ್ನು ಕೊಂಚ ಏರಿಸಿದರು. ಎರಡನೆಯ ಅಚ್ಚನ್ನು ನಿಜವಾದ ಪೊಟ್ಟಣಕ್ಕೆ ಅಂಟಿಸಿ, ಪಕ್ಕದ ಮನೆಯ ಎಂಬತ್ತು ದಾಟಿದ ಹಿರಿಯರೊಬ್ಬರ ಕೈಗೆ ಕೊಟ್ಟೆವು. ಆಕೆ ಅದನ್ನು ಕಿಟಕಿಯ ಬೆಳಕಿಗೆ ಹಿಡಿದು, “ಉದ್ದಿನ ಹಿಟ್ಟು, ಉಪ್ಪು, ಮೆಣಸು, ಇಂಗು, ಎಣ್ಣೆ” ಎಂದು ತಡೆಯಿಲ್ಲದೆ ಓದಿದರು. ಓದಿ, ಅಕ್ಷರದ ಬಗ್ಗೆ ಒಂದು ಮಾತನ್ನೂ ಆಡಲಿಲ್ಲ. “ಉದ್ದಿನ ಹಪ್ಪಳಕ್ಕೆ ಸ್ವಲ್ಪ ಸೋಡಾ ಹಾಕದಿದ್ದರೆ ಅರಳುವುದಿಲ್ಲ, ಹೇಳು ಅವರಿಗೆ” ಎಂದರು.

ನನ್ನ ವಿದ್ಯಾರ್ಥಿನಿ ನನ್ನ ಮುಖ ನೋಡಿದರು. ಅಕ್ಷರಕ್ಕೆ ಸಿಗಬಹುದಾದ ಬಹುಮಾನ ಅದಕ್ಕಿಂತ ದೊಡ್ಡದಿಲ್ಲವೆಂದು ನಾನು ಹೇಳಿದೆ.